ಜಿಂಕೆ ಬೇಟೆ: ಸರ್ಕಾರಿ ಕಾಡೋ, ಖಾಸಗಿ ಜಮೀನೋ?
ನ್ಯೂಯಾರ್ಕ್ ರಾಜ್ಯದಲ್ಲಿ ಲೈಸೆನ್ಸ್ ಸಿಕ್ಕಿದ ಮೇಲೆ ಮೊದಲು ಏಳುವ ಪ್ರಶ್ನೆ ಇದೇ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆ ಹೊಡೆದರೆ ಜೈಲು. ಅಲ್ಲಿ ಅದು ಋತುವಿನ ಕೆಲಸ.

ನ್ಯೂಯಾರ್ಕ್ ರಾಜ್ಯದ ಉತ್ತರದಲ್ಲಿರುವ ಅಡಿರಾಂಡಕ್ ಪಾರ್ಕ್ ಸುಮಾರು 60 ಲಕ್ಷ ಎಕರೆ. ಅದರಲ್ಲಿ 26 ಲಕ್ಷದಷ್ಟು ಸರ್ಕಾರದ್ದು. ಲೈಸೆನ್ಸ್ ಇದ್ದರೆ ಯಾರನ್ನೂ ಕೇಳಬೇಕಿಲ್ಲ. ಆದರೆ ಜಿಂಕೆ ಕಡಿಮೆ. ಹಳೆಯ ದಟ್ಟ ಕಾಡು, ಚಳಿಗಾಲದಲ್ಲಿ ಆಳದ ಹಿಮ, ನೆಲಮಟ್ಟದಲ್ಲಿ ಮೇವೂ ಅಷ್ಟಕ್ಕಷ್ಟೆ. ಹೊಸ ಹಿಮ ಬಿದ್ದ ಬೆಳಿಗ್ಗೆ ಒಂದೇ ಹೆಜ್ಜೆಗುರುತು ಹಿಡಿದು ದಿನವಿಡೀ ನಡೆಯಬೇಕು. ಸಿಕ್ಕಿತು ಅನ್ನಿ, ಆಗ ಶುರು ನಿಜವಾದ ಕಷ್ಟ: ಕರುಳು ತೆಗೆದ ಮೇಲೂ 60-70 ಕೆಜಿ ತೂಗುವ ಗಂಡು ಜಿಂಕೆಯನ್ನು ಹಗ್ಗ ಕಟ್ಟಿ, ಬಿದ್ದ ಮರಗಳ ಮೇಲೆ ಎಳೆದು ತರಬೇಕು. ಎಷ್ಟೋ ಕಡೆ ಗಾಡಿ ಒಳಗೆ ಬಿಡುವುದೇ ಇಲ್ಲ.

ಖಾಸಗಿ ಜಮೀನಿನಲ್ಲಿ ಜೋಳದ ಹೊಲ, ಹಳೇ ಸೇಬಿನ ಮರ, ಅಂಚಿನಲ್ಲಿ ಪೊದೆ. ಜಿಂಕೆ ತಾನಾಗಿ ಬರುತ್ತದೆ. ಮಾಲೀಕರು ಒಪ್ಪಿದರೆ ಮರದ ಮೇಲಿನ ಅಟ್ಟಣೆ ಇಡೀ ಸೀಸನ್ ಅಲ್ಲೇ ಇರಬಹುದು. ತೊಡಕು ಒಂದೇ, ಒಪ್ಪಿಗೆ. ಬೇಸಿಗೆಯಲ್ಲೇ ಹೋಗಿ ಬಾಗಿಲು ತಟ್ಟಿ, ಬಂದೂಕು ಮನೆಯಲ್ಲೇ ಇರಲಿ. ಬೇಟೆ ಸೀಸನ್ ನಡೆಯುವ ನವೆಂಬರಿನಲ್ಲಿ ಕೇಳಿದರೆ ಯಾರು ಕೊಡ್ತಾರೆ, ಅಲ್ವಾ?

ಮೇನ್ ರಾಜ್ಯದ ರೂಢಿ ಬೇರೆ. ಅಲ್ಲಿ ಕಾಡೆಲ್ಲ ಹೆಚ್ಚುಕಡಿಮೆ ಖಾಸಗಿಯೇ, ಆದರೂ ಒಪ್ಪಿಗೆ ಬೇಕು ಎನ್ನುವ ಫಲಕವೋ ನೇರಳೆ ಬಣ್ಣದ ಗುರುತೋ ಇಲ್ಲದಿದ್ದರೆ ಒಳಗೆ ಹೋಗುತ್ತಾರೆ.

ಮೊದಲ ವರ್ಷ, ಅದರಲ್ಲೂ ಒಬ್ಬರೇ ಆಗಿದ್ದರೆ, ನಾನಂತೂ ಹೊಲದ ಅಂಚೇ ಅನ್ನುತ್ತೇನೆ. ಮಾಂಸದಲ್ಲಿ ಒಂದು ಪಾಲು ಮಾಲೀಕರ ಮನೆಗೆ ಕೊಟ್ಟು ಬನ್ನಿ.