ನೋಹನ ನಾವೆ: ಎರಡು ವಾರದ ಪಾಠದ ಕಟ್ಟು ನಮ್ಮ ಮನೆಯಲ್ಲಿ

ನನಗೆ ಸಂಜೆ ಪಾಳಿಯ ಕೆಲಸ. ಹಾಗಾಗಿ ಬೆಳಗಿನ ಹೊತ್ತು ಮಗಳ ಪಾಠ ನನ್ನ ಪಾಲಿಗೆ. ಅವಳಿಗೆ ನಾಲ್ಕೂವರೆ ವರ್ಷ. ಎರಡು ತಿಂಗಳ ಹಿಂದೆ ನೋಹನ ನಾವೆಯ ಮೇಲೆ ಮಾಡಿದ ಒಂದು ಪಾಠದ ಕಟ್ಟು ತರಿಸಿದೆ. 40 ದಿನ ಮಳೆ ಸುರಿದು ಲೋಕವೇ ಮುಳುಗಿದಾಗ, ನೋಹ ತನ್ನ ಮನೆಯವರನ್ನೂ ಪ್ರಾಣಿಗಳನ್ನೂ ನಾವೆಯಲ್ಲಿ ಉಳಿಸಿಕೊಂಡ ಬೈಬಲ್ಲಿನ ಕಥೆ ಅದು. ಹತ್ತು ಪಾಠ, ಎರಡು ವಾರಕ್ಕೆ. ಒಂದೇ ಕಥೆಯ ಸುತ್ತ ಅಕ್ಷರ, ಎಣಿಕೆ, ವಿಜ್ಞಾನ, ಕೈಕೆಲಸ, ಕಂಠಪಾಠದ ವಚನ ಎಲ್ಲ ಹೆಣೆದಿದ್ದಾರೆ. ಮನೆಯಲ್ಲೇ ಕಲಿಸುವವರಿಗೆ ಇಂಥದ್ದು ಬೇಕೇ ಬೇಕು ಅನ್ನಿಸುವಷ್ಟು ಒಳ್ಳೆಯ ಭಾಗಗಳಿವೆ. ಬೇಜಾರಾದ ಭಾಗಗಳೂ ಇವೆ.

ಮೊದಲು ಅಳತೆಯ ಪಾಠ. ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ 6ನೇ ಅಧ್ಯಾಯದಲ್ಲಿ ನಾವೆಯ ಅಳತೆ ಇದೆಯಲ್ವಾ, ಉದ್ದ 300 ಮೊಳ, ಅಗಲ 50, ಎತ್ತರ 30. ಕಟ್ಟಿನಲ್ಲಿ ಇದನ್ನು ಮೀಟರಿಗೆ ಬದಲಿಸಿ, ಸುಮಾರು 135 ಮೀಟರ್ ಉದ್ದ ಎಂದು ಒಂದು ಚಿತ್ರ ಹಾಕಿ ಬಿಟ್ಟಿದ್ದಾರೆ. ಇಷ್ಟು ಚಿಕ್ಕ ಮಗುವಿಗೆ ಆ ಸಂಖ್ಯೆ ಏನು ಹೇಳುತ್ತದೆ? ನಾನು ಒಂದು ದಾರದ ಉಂಡೆ ತೆಗೆದುಕೊಂಡೆ. ನನ್ನ ಮೊಣಕೈಯಿಂದ ನಡುಬೆರಳ ತುದಿವರೆಗೆ ಒಂದು ಗಂಟು. ಹೀಗೆ 50 ಗಂಟು. ಅವಳೇ ಎಣಿಸಿದಳು. ಮೂವತ್ತರ ನಂತರ ತಪ್ಪಿತು, ಮತ್ತೆ ಮೊದಲಿಂದ ಎಣಿಸಿದಳು. ಆಮೇಲೆ ಬಯಲಿಗೆ ಹೋಗಿ ದಾರ ಹಾಸಿದೆವು. ಇದು ನಾವೆಯ ಅಗಲ ಅಂದೆ. ಉದ್ದ ಬೇಕಾದರೆ ಇದನ್ನು ಆರು ಸಲ ಹಾಸಬೇಕು. ಒಂದೊಂದು ಸಲ ಹಾಸಿದಾಗಲೂ ತುದಿಗೆ ಒಂದು ಕಲ್ಲಿಟ್ಟು ಓಡಿ ಬರುತ್ತಿದ್ದಳು. ಆರನೇ ಕಲ್ಲಿನ ಹತ್ತಿರ ನಿಂತು ಹಿಂದೆ ನೋಡಿದಳು. ಮೊದಲ ಕಲ್ಲು ಕಾಣಲಿಲ್ಲ. "ಅಪ್ಪಾ, ಇಷ್ಟು ದೊಡ್ಡದಾ?" ಅಂದಳು. ಆಮೇಲೆ ತನ್ನ ಕೈಯನ್ನೇ ನನ್ನ ಕೈ ಪಕ್ಕ ಇಟ್ಟು, "ನನ್ನ ಮೊಳದಲ್ಲಿ ಕಟ್ಟಿದ್ದರೆ ಆನೆ ಹಿಡಿಸುತ್ತಿರಲಿಲ್ಲ" ಅಂದಳು. ಅವಳ ಮೊಳ 27 ಸೆಂಟಿಮೀಟರ್, ನನ್ನದು 45. ಅಳತೆಗೆ ಎಲ್ಲರೂ ಒಪ್ಪಿದ ಒಂದು ಕೋಲು ಯಾಕೆ ಬೇಕು ಅನ್ನುವ ಪಾಠ ಅಲ್ಲೇ ಆಯಿತು.

ತೇಲುವ ಪಾಠ ಕಟ್ಟಿನಲ್ಲೇ ಚೆನ್ನಾಗಿದೆ. ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ ನೀರಿಗೆ ಹಾಕಬೇಕು, ಅದು ಮುಳುಗುತ್ತದೆ. ಅಷ್ಟೇ ದೊಡ್ಡ ಇನ್ನೊಂದು ಹಾಳೆಯನ್ನು ದೋಣಿ ಮಾಡಿ ಬಿಟ್ಟರೆ ತೇಲುತ್ತದೆ. ಅಗಲವಾದ ದೋಣಿ ಜಾಸ್ತಿ ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ಅದಕ್ಕೇ ಭಾರ ಹೊರುತ್ತದೆ. ಮುದ್ದೆಯನ್ನು ಮಾತ್ರ ಗಟ್ಟಿಯಾಗಿ ಒತ್ತಿ, ಒಳಗೆ ಗಾಳಿ ಉಳಿದರೆ ಅದೂ ತೇಲಿಬಿಡುತ್ತದೆ. ನಮ್ಮ ದೋಣಿ 14 ಮಣಿ ಹಾಕುವಷ್ಟರಲ್ಲೇ ಮಗುಚಿತು. ಎಲ್ಲವನ್ನೂ ಒಂದೇ ಕಡೆ ಹಾಕಿದ್ದಳು. ಎರಡನೇ ಸಲ ತಾನೇ ಈ ಕಡೆ ಒಂದು, ಆ ಕಡೆ ಒಂದು ಇಡತೊಡಗಿದಳು. ನಾನು ಒಂದು ಮಾತೂ ಹೇಳಿರಲಿಲ್ಲ.

ಅಕ್ಷರದ ಹಾಳೆಗಳು ಇಂಗ್ಲಿಷಿನಲ್ಲಿವೆ. ಅವನ್ನು ಪಕ್ಕಕ್ಕಿಟ್ಟು ಉಪ್ಪು ಹರಡಿದ ತಟ್ಟೆಯಲ್ಲಿ ಬೆರಳಿಂದ ನ, ಪ, ಮ ಬರೆಸಿದೆ. ನೋಹ, ಪಾರಿವಾಳ, ಮಳೆ. "ನಾವೆಗೂ ನ" ಎಂದು ಅವಳೇ ಕಂಡುಹಿಡಿದಳು. ಬಣ್ಣ ತುಂಬುವ ಹಾಳೆ ತುಂಬಾ ಜಾಸ್ತಿ, ಅರ್ಧ ಹಾಗೇ ಉಳಿದಿವೆ. ಪ್ರಾಣಿಗಳ ಜೋಡಿ ಕಾರ್ಡು ದಪ್ಪ ಕಾಗದದ್ದು, ಮೂಲೆ ಮಡಚಿಲ್ಲ.

ಈಗ ನನಗೆ ಬೇಜಾರಾದ ಮಾತು. ಇಡೀ ಕಥೆಯನ್ನು ಕಾಮನಬಿಲ್ಲಿನ ಕಡೆಗೆ ಓಡಿಸಿಕೊಂಡು ಹೋಗಿದ್ದಾರೆ. ಬಾಗಿಲು ಮುಚ್ಚಿತು, ಮಳೆ ಬಂತು, ಪಾರಿವಾಳ ಎಲೆ ತಂತು, ಬಣ್ಣ ಬಣ್ಣದ ಬಿಲ್ಲು ಮೂಡಿತು, ಅಷ್ಟೇ. ನೀರು ಇಳಿಯಿತಾ ಎಂದು ನೋಡಲು ಮೊದಲು ಹೊರಟ ಕಾಗೆಯ ಸುದ್ದಿಯೇ ಇಲ್ಲ. ಶುದ್ಧ ಪ್ರಾಣಿಗಳು ಏಳೇಳು ಜೋಡಿ ಎಂದು 7ನೇ ಅಧ್ಯಾಯದಲ್ಲಿದೆ, ಅದೂ ಇಲ್ಲ. ಪಾರಿವಾಳ ಹೋದದ್ದು ಒಂದು ಸಲ ಅಲ್ಲ, ಮೂರು ಸಲ. ಮೊದಲ ಸಲ ಕಾಲೂರಲು ಜಾಗ ಸಿಗದೆ ಹಾಗೇ ಬಂತು. ಏಳು ದಿನ ಕಾದು ಮತ್ತೆ ಬಿಟ್ಟಾಗ ಆಲಿವ್ ಎಲೆ ತಂತು. ಇನ್ನೂ ಏಳು ದಿನದ ಮೇಲೆ ಹೋದದ್ದು ವಾಪಸ್ ಬರಲಿಲ್ಲ. ನಾನು ಬೈಬಲ್ಲನ್ನೇ ತೆಗೆದು ಓದಿದೆ. ಬರಿಗೈಲಿ ಬಂದ ದಿನದ ಮಾತು ಕೇಳಿ ಮಗಳು, "ನೋಹ ಅದಕ್ಕೆ ಬೈದನಾ?" ಅಂದಳು. ಇಲ್ಲ ಮಗಾ, ಕೈ ಚಾಚಿ ಹಿಡಿದು ಒಳಗೆ ತಗೊಂಡ ಅಂದೆ. ಅದು ಸುಮ್ನೆ ನಾನು ಕಟ್ಟಿ ಹೇಳಿದ್ದಲ್ಲ, 8ನೇ ಅಧ್ಯಾಯದಲ್ಲಿ ಹಾಗೇ ಇದೆ. ಅವತ್ತಿಂದ ಕಾಗದದ ಪಾರಿವಾಳವನ್ನು ದಾರ ಕಟ್ಟಿ ಕಿಟಕಿಯಿಂದ ಬಿಟ್ಟು, ಕೈ ಚಾಚಿಯೇ ಒಳಗೆ ಎಳೆದುಕೊಳ್ಳುತ್ತಾಳೆ.

ಮೂರನೇ ದಿನ ಇನ್ನೊಂದು ಪ್ರಶ್ನೆ ಬಂತು. "ಹೊರಗಿದ್ದವರು ಏನಾದರು?" ಸಂಡೇ ಸ್ಕೂಲಿನಲ್ಲಿ ಕಲಿಸಿದ ಯಾರಿಗಾದರೂ ಗೊತ್ತು, ಈ ಪ್ರಶ್ನೆ ಬಂದೇ ಬರುತ್ತದೆ. ಪೋಷಕರ ಕೈಪಿಡಿಯಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ. ಅಂಟು ಯಾವುದು, ಕತ್ತರಿ ಯಾವುದು ಎಂದು ಒಂದಿಡೀ ಪುಟ ಬರೆದವರು ಇದನ್ನು ಬಿಡಬಾರದಿತ್ತು. ಅವರು ಸತ್ತರು ಎಂದು ನಿಜವನ್ನೇ ಹೇಳಿದೆ. ಜನ ಕೆಟ್ಟದ್ದನ್ನೇ ಮಾಡುತ್ತಿದ್ದದ್ದನ್ನು ಕಂಡು ದೇವರ ಮನಸ್ಸಿಗೇ ನೋವಾಗಿತ್ತು ಎಂದೂ ಹೇಳಿದೆ, ಅದು 6ನೇ ಅಧ್ಯಾಯದಲ್ಲಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ತೊಡೆ ಮೇಲೆ ಬಂದು ಕೂತಳು. ಅವತ್ತು ಮುಂದಿನ ಹಾಳೆ ತೆಗೆಯಲಿಲ್ಲ. ಇಬ್ಬರೂ ಪ್ರಾರ್ಥನೆ ಮಾಡಿದೆವು. ನೀವು ಈ ಕಟ್ಟು ತರಿಸುವುದಾದರೆ, ಉತ್ತರ ಮೊದಲೇ ಯೋಚಿಸಿಟ್ಟುಕೊಳ್ಳಿ.

ಕಾಮನಬಿಲ್ಲಿನ ದಿನ ಹತ್ತಿ ಅಂಟಿಸುವುದಷ್ಟೇ ಕೊಟ್ಟಿದ್ದಾರೆ. ಒಂದು ಹಳೇ ಸಿಡಿಯನ್ನು ಕಿಟಕಿಯ ಬಿಸಿಲಿಗೆ ಹಿಡಿಯಿರಿ, ಗೋಡೆ ಮೇಲೆ ಬಣ್ಣ ಬೀಳುತ್ತದೆ. ಹೊರಗೆ ನಿಜವಾದ ಬಿಲ್ಲು ನೋಡಬೇಕಾದರೆ ಸೂರ್ಯ ಬೆನ್ನ ಹಿಂದೆ, ಮಳೆ ಎದುರಿಗೆ ಇರಬೇಕು ಎಂದೂ ಹೇಳಿಕೊಡಿ.

ಇಡೀ ಕಟ್ಟಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಕೊನೆಯ ಹಾಳೆ. 40 ಚೌಕದ ಒಂದು ಪಟ್ಟಿ, ದಿನಕ್ಕೊಂದು ನೀಲಿ ಹನಿ ಅಂಟಿಸಬೇಕು. ಪಾಠ ಹತ್ತಕ್ಕೇ ಮುಗಿಯಿತು, ಹನಿ ಮುಗಿಯಲಿಲ್ಲ. 40 ದಿನ ಎಂದರೆ ಎಷ್ಟು ಉದ್ದ ಎಂದು ಅವಳ ಮೈಗೇ ಗೊತ್ತಾಯಿತು. "ಇನ್ನೂ ಮಳೆನಾ?" ಎಂದು ದಿನಾ ಕೇಳುತ್ತಿದ್ದಳು. ಮೊದಲನೇ ದಿನವೇ ಇದನ್ನು ಗೋಡೆಗೆ ಹಾಕಿ, ಕೊನೆಗೆ ಇಡಬೇಡಿ.

ನಲವತ್ತನೇ ಹನಿ ಅಂಟಿಸಿದ ದಿನ, ಮಳೆ ನಿಂತಿತು ಅಂದೆ. "ನೀರು ಹೋಯ್ತಾ?" ಅಂದಳು. ಇಲ್ಲ, 150 ದಿನ ನೀರು ಹಾಗೇ ಇತ್ತು ಅಂದೆ. ಹಾಳೆಯನ್ನು ಗೋಡೆಯಿಂದ ತೆಗೆದು ತಿರುಗಿಸಿ ನನ್ನ ಮುಂದೆ ಇಟ್ಟಳು. ಹಿಂಬದಿಗೆ 150 ಚೌಕ ಗೆರೆ ಎಳೆದು ಕೊಟ್ಟಿದ್ದೇನೆ. ಇವತ್ತಿಗೆ 23.