ಮಣಿಪಾಲದ ಹೆರಿಟೇಜ್ ವಿಲೇಜ್: ಅಮ್ಮನ ಜೊತೆ ಒಂದು ಶನಿವಾರ

ಎರಡನೇ ಶನಿವಾರ ಸೇರಿಸಿ ರಜೆ ಹಾಕಿ ಅಕ್ಕ, ಭಾವ ಬೆಂಗಳೂರಿನಿಂದ ಬಂದಿದ್ದರು. ಅಕ್ಕನಿಗೆ ಬ್ಯಾಂಕಿನಲ್ಲಿ ಕೆಲಸ. ಈ ವರ್ಷದ ಕೊನೆಗೆ ನಿವೃತ್ತಿ. ಆಮೇಲೆ ಎಲ್ಲಿ ಇರುವುದು, ಊರಿಗೆ ಬರುವುದಾ ಬೇಡವಾ ಅಂತ ಶುಕ್ರವಾರ ರಾತ್ರಿ ಹನ್ನೆರಡರವರೆಗೆ ಮಾತೇ ಮಾತು. ಅಮ್ಮ ಮಾತ್ರ ಸುಮ್ಮನೆ ಕೇಳುತ್ತಾ ಕೂತಿದ್ದರು. 'ಊರು' ಅನ್ನುವ ಮಾತು ಬಂದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದರು.

ಅದಕ್ಕೆ ಕಾರಣ ಉಂಟು. ಬಾರ್ಕೂರಿನ ಹತ್ತಿರ ನಮ್ಮದೊಂದು ಹಳೆ ಮನೆ ಇತ್ತು. ಮೂರು ವರ್ಷದ ಹಿಂದೆ ಪಾಲು ಆಗಿ ಮನೆ ಬಿಚ್ಚಿದರು. ನಮ್ಮ ಕಡೆ 'ಕೆಡವಿದರು' ಅನ್ನುವುದಕ್ಕಿಂತ ಜಾಸ್ತಿ 'ಬಿಚ್ಚಿದರು' ಅಂತಲೇ ಹೇಳುತ್ತೇವೆ. ಹಂಚು ಒಬ್ಬರಿಗೆ, ಮರ ಒಬ್ಬರಿಗೆ, ಕೆಂಪು ಕಲ್ಲು ಇನ್ನೊಬ್ಬರಿಗೆ. ಮರ ತೆಗೆದುಕೊಂಡ ವ್ಯಾಪಾರಿ ಹೆಬ್ಬಾಗಿಲನ್ನು ಇಡಿಯಾಗಿಯೇ ಯಾರಿಗಾದರೂ ಕೊಡುತ್ತೇನೆ, ಕೊಯ್ಯುವುದಿಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದರು. ಎರಡು ತಿಂಗಳು ಬಿಟ್ಟು ಕೇಳಿದಾಗ ಅದು ಹಲಗೆಗಳಾಗಿ ಹೋಗಿತ್ತು. ಅವತ್ತಿನಿಂದ ಅಮ್ಮ ಆ ಮನೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನನಗೆ ಈಗಲೂ ಆ ಮನುಷ್ಯನ ಮೇಲೆ ಸಿಟ್ಟು ಇದೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಹೋಗೋಣ ಅಂತ ಅಕ್ಕ ಹೇಳಿದಾಗ ನನಗೆ ಹೆದರಿಕೆಯೇ ಆಗಿತ್ತು. ಉಡುಪಿಯಲ್ಲಿ ಇಷ್ಟು ವರ್ಷದಿಂದ ಇದ್ದೇನೆ. ಮಣಿಪಾಲ ನಮ್ಮ ಮನೆಯಿಂದ ಐದು ಕಿಲೋಮೀಟರ್ ಕೂಡ ಇಲ್ಲ. ಆದರೂ ಒಳಗೆ ಹೋಗಿರಲಿಲ್ಲ. ನೆಂಟರು ಬಂದರೆ ಕೃಷ್ಣ ಮಠ, ಮಲ್ಪೆ, ಕಾಪುವಿನ ದೀಪಸ್ತಂಭ, ಅಲ್ಲಿಗೇ ನಮ್ಮ ಪಟ್ಟಿ ಮುಗಿಯುತ್ತದೆ ಅಲ್ವಾ? ಹಳೆ ಮನೆಗಳನ್ನು ತಂದು ಕಟ್ಟಿದ್ದಾರೆ ಅಂತ ಗೊತ್ತಿತ್ತು. ಅಮ್ಮನಿಗೆ ನೋವಾದರೆ ಅಂತ ಬೇಡ ಅಂದೆ. ಅಮ್ಮನೇ "ಹೋಪ" ಅಂದರು. ಒಂದೇ ಮಾತು.

ಒಳಗೆ ಸುಮ್ನೆ ನಮ್ಮಷ್ಟಕ್ಕೆ ತಿರುಗಾಡುವ ಜಾಗ ಅಲ್ಲ ಇದು. ಗೈಡ್ ಜೊತೆ ಗುಂಪಾಗಿ ಹೋಗಬೇಕು. ಹಾಗಾಗಿ ಹೊರಡುವ ಮೊದಲು ಫೋನ್ ಮಾಡಿ ಸಮಯ, ಟಿಕೆಟ್ ಎಲ್ಲ ಕೇಳಿಕೊಳ್ಳಿ. ಫೋಟೊ ವಿಷಯದಲ್ಲೂ ಅವರು ಹೇಳಿದಂತೆ ಕೇಳಿ. ನಾವಂತೂ ಫೋನ್ ಬ್ಯಾಗಿನಲ್ಲೇ ಇಟ್ಟೆವು. ಅದು ಒಳ್ಳೆಯದೇ ಆಯಿತು. ಒಂಬತ್ತನೇ ಕ್ಲಾಸಿನ ನನ್ನ ಮಗ ಎರಡು ಗಂಟೆಗಿಂತ ಜಾಸ್ತಿ ಹೊತ್ತು ತಲೆ ಎತ್ತಿಕೊಂಡು ನಡೆದದ್ದನ್ನು ನಾನು ಬಹಳ ದಿನದ ನಂತರ ನೋಡಿದ್ದು.

ಈ ಜಾಗವನ್ನು ಕಟ್ಟಿದವರು ವಿಜಯನಾಥ ಶೆಣೈ. ಅವರೂ ಬ್ಯಾಂಕಿನವರೇ, ಸಿಂಡಿಕೇಟ್ ಬ್ಯಾಂಕಿನಲ್ಲಿ ಇದ್ದವರು. ಊರೂರಿನಲ್ಲಿ ಹಳೆ ಮನೆಗಳನ್ನು ಬಿಚ್ಚಿ ಕಂಬ, ಬಾಗಿಲು, ಕಿಟಕಿಗಳನ್ನು ಸೌದೆಯ ಬೆಲೆಗೆ ಮಾರುವುದನ್ನು ನೋಡಿ ತಡೆಯಲಾಗದೆ ಕೊಂಡು ತರಲು ಶುರು ಮಾಡಿದರು. ಮೊದಲು ಆ ತುಂಡುಗಳಿಂದಲೇ ಮಣಿಪಾಲದಲ್ಲಿ ತಮಗೊಂದು ಮನೆ ಕಟ್ಟಿದರು. ಆ ಮನೆಗೆ 'ಹಸ್ತಶಿಲ್ಪ' ಅಂತ ಹೆಸರು. ನೋಡಲು ಬರುವವರು ಹೆಚ್ಚಾಗಿ ಹೆಚ್ಚಾಗಿ ಕೊನೆಗೆ ಅದನ್ನು ಒಂದು ಟ್ರಸ್ಟಿಗೇ ಬಿಟ್ಟುಕೊಟ್ಟರು. ಆಮೇಲೆ ಇಡೀ ಮನೆಗಳನ್ನೇ ತಂದು ನಿಲ್ಲಿಸುವ ಕೆಲಸ. ಒಂದೊಂದು ತೊಲೆಗೂ, ಒಂದೊಂದು ಕಂಬಕ್ಕೂ ನಂಬರ್ ಹಾಕಿ, ನಕ್ಷೆ ಬರೆದು, ಬಿಚ್ಚಿ, ಲಾರಿಯಲ್ಲಿ ತಂದು, ಇಲ್ಲಿ ಮತ್ತೆ ಅದೇ ಕ್ರಮದಲ್ಲಿ ಜೋಡಿಸುವುದು. ಹೀಗೆ 26 ಕಟ್ಟಡಗಳು ಇಲ್ಲಿವೆ. ಶೆಣೈ ಅವರು 2017ರಲ್ಲಿ ತೀರಿಕೊಂಡರು.

ಇದನ್ನು ಕೇಳಿ ಅಕ್ಕ ಅಲ್ಲೇ ನಿಂತುಬಿಟ್ಟಳು. "ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದೆ. ಆ ಸಂಬಳದ ಬೆಲೆ ನನಗೆ ಗೊತ್ತು. ಆ ಸಂಬಳ ಇಟ್ಟುಕೊಂಡು ಇಂಥದ್ದಕ್ಕೆ ಕೈ ಹಾಕಲು ಎಷ್ಟು ಧೈರ್ಯ ಬೇಕು" ಅಂದಳು. ಭಾವ ಏನೂ ಹೇಳಲಿಲ್ಲ. ಆದರೆ ನಿವೃತ್ತಿಯ ನಂತರ ಏನು ಮಾಡುವುದು ಅನ್ನುವ ಮಾತು ಆ ದಿನ ಸಂಜೆ ಬೇರೆಯೇ ದಾರಿ ಹಿಡಿಯಿತು.

ಈಗ ಮನೆಗಳ ಬಗ್ಗೆ. ಎಲ್ಲವನ್ನೂ ಬರೆಯುವುದಿಲ್ಲ, ನೀವೇ ನೋಡಬೇಕು. ಮುಧೋಳದ ದರ್ಬಾರ್ ಹಾಲ್ ದೊಡ್ಡದು, ಗಂಭೀರವಾಗಿದೆ. ಕುಕನೂರಿನ ಕಮಲ ಮಹಲ್ ಉತ್ತರ ಕರ್ನಾಟಕದ್ದು, ಮರದ ಕೆತ್ತನೆ ನೋಡಿಯೇ ಕುತ್ತಿಗೆ ನೋವು ಬರುತ್ತದೆ. ದಕ್ಖನಿ ನವಾಬರ ಮಹಲಿನಲ್ಲಿ ಬಣ್ಣದ ಗಾಜು, ತೂಗುದೀಪ. ಭಟ್ಕಳದ ನವಾಯತ ಮುಸ್ಲಿಮರ ಮನೆ, ಮಂಗಳೂರಿನ ಕ್ರೈಸ್ತರ ಮನೆ, ಜಂಗಮ ಮಠ, ಎಲ್ಲವೂ ಅಕ್ಕಪಕ್ಕದಲ್ಲಿ. ಮಗನಿಗೆ ಹಿಡಿಸಿದ್ದು ಹಳೆ ಪೇಟೆ ಬೀದಿ. ಸಾಲು ಅಂಗಡಿಗಳು, ಹಳೆ ಬಾಟಲಿಗಳು, ತಗಡಿನ ಜಾಹೀರಾತು ಫಲಕಗಳು. ಒಂದೊಂದು ಅಂಗಡಿ ಮುಂದೆಯೂ ನಿಂತು ನನ್ನನ್ನು "ಇದು ನಿನ್ನ ಕಾಲದಲ್ಲಿ ಇತ್ತಾ?" ಅಂತ ಕೇಳಿದ. ಕೆಲವು ಇದ್ದವು.

ಆದರೆ ನಮಗೆ ಅವತ್ತು ಮುಖ್ಯವಾದದ್ದು ನಮ್ಮ ಜಿಲ್ಲೆಯ ಎರಡು ಮನೆಗಳು. ಕಾರ್ಕಳ ಹತ್ತಿರದ ಮಿಯಾರಿನ ಮನೆ, ಮತ್ತೆ ಕುಂಜೂರಿನ ಚೌಕಿ ಮನೆ.

ಮಿಯಾರು ಮನೆಯ ಚಾವಡಿಗೆ ಹತ್ತುವಾಗ ಅಮ್ಮ ನನ್ನ ಕೈ ಬಿಟ್ಟರು. ಅವರಿಗೆ ಎಪ್ಪತ್ತೊಂಬತ್ತು. ಮೊಣಕಾಲು ನೋವು ಉಂಟು, ಮೆಟ್ಟಿಲು ಕಂಡರೆ ಯಾರದ್ದಾದರೂ ಭುಜ ಹಿಡಿಯುವವರು. ಅಲ್ಲಿ ಹಿಡಿಯಲಿಲ್ಲ. ನೇರ ಕಂಬದ ಹತ್ತಿರ ಹೋಗಿ ಅದರ ಪಕ್ಕದಲ್ಲಿ ನಿಂತರು. ದಳಿಯ ಕಡೆ, ಅಂದರೆ ಮರದ ಜಾಲರಿಯ ಕಡೆ ನೋಡಿದರು. ಮೇಲೆ ಮರದ ಮುಚ್ಚಿಗೆ ನೋಡಿದರು. ನಾನು, ಅಕ್ಕ ಉಸಿರು ಬಿಗಿಹಿಡಿದು ನಿಂತಿದ್ದೆವು.

"ಕಾಣ್, ಅಜ್ಜಿ ಇಲ್ಲೇ ಕೂಕಂತಿದ್ರ್" ಅಂದರು.

ಆಮೇಲೆ ಮಾತು ನಿಲ್ಲಲೇ ಇಲ್ಲ. ಮಗನನ್ನು ಹತ್ತಿರ ಕರೆದು ಒಂದೊಂದೇ ತೋರಿಸಿದರು. ಬಾಗಿಲು ಯಾಕೆ ಅಷ್ಟು ಗಿಡ್ಡ, ಹೊಸ್ತಿಲು ಯಾಕೆ ಅಷ್ಟು ಎತ್ತರ. ಆಸಾಡಿ ಮಳೆಗೆ ಬಟ್ಟೆ ಎಲ್ಲಿ ಒಣಗಿಸುತ್ತಿದ್ದರು. ಒಲೆಯ ಹೊಗೆ ಅಟ್ಟಕ್ಕೆ ಹೋಗಿ ತೊಲೆಗೆ ಹುಳ ಹಿಡಿಯದ ಹಾಗೆ ಹೇಗೆ ಕಾಯುತ್ತಿತ್ತು. ಪತ್ತಾಯದಲ್ಲಿ, ಅಂದರೆ ದೊಡ್ಡ ಮರದ ಪೆಟ್ಟಿಗೆಯಲ್ಲಿ, ಭತ್ತ ತುಂಬಿದ ಮೇಲೆ ಅದರ ಮೇಲೆಯೇ ಮಕ್ಕಳು ಮಲಗುತ್ತಿದ್ದದ್ದು. ಅಜ್ಜಿ ಮೆಟ್ಟುಕತ್ತಿಯಲ್ಲಿ ಹಲಸಿನಕಾಯಿ ಕೊಯ್ಯುವಾಗ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ, ಮೇಣ ಅಂಟುತ್ತದೆ ಅಂತ. ನಾನು ಇದರಲ್ಲಿ ಅರ್ಧ ಮೊದಲ ಸಲ ಕೇಳಿದ್ದು.

ಇಲ್ಲಿ ಗೈಡ್ ಬಗ್ಗೆ ಹೇಳಲೇಬೇಕು. ಚಿಕ್ಕ ವಯಸ್ಸಿನ ಹುಡುಗಿ. ಗುಂಪಿನಲ್ಲಿ ಬೇರೆ ಊರಿನವರೂ ಇದ್ದರು, ಅವರಿಗೂ ವಿವರಿಸಬೇಕು. ಆದರೂ ಅಮ್ಮ ಮಾತಾಡುವಾಗ ಆಕೆ ತನ್ನ ಮಾತು ನಿಲ್ಲಿಸಿದಳು. ಅಮ್ಮನ ಮಾತನ್ನು ಉಳಿದವರಿಗೆ ಹಿಂದಿಯಲ್ಲಿ ಹೇಳಿದಳು. ಪತ್ತಾಯ ಅಂದಾಗ "ಅಮ್ಮ, ನಿಮ್ಮ ಮನೆಯದ್ದು ಯಾವ ಮರದ್ದು?" ಅಂತ ಕೇಳಿದಳು. ಹಲಸಿನದ್ದು ಅಂತ ಅಮ್ಮ ಹೇಳಿದರು. ಬಾಯಿಪಾಠ ಒಪ್ಪಿಸಿ ಮುಂದೆ ಹೋಗುವ ಗೈಡ್‌ಗಳನ್ನು ನಾನು ಬೇರೆ ಊರುಗಳಲ್ಲಿ ತುಂಬಾ ನೋಡಿದ್ದೇನೆ. ಈಕೆ ಹಾಗಲ್ಲ. ಅವಸರ ಮಾಡಲಿಲ್ಲ. ಅದೊಂದಕ್ಕೇ ನಾನು ಈ ಜಾಗಕ್ಕೆ ಐದಕ್ಕೆ ಐದು ಕೊಡುತ್ತೇನೆ.

ಕುಂಜೂರು ಚೌಕಿ ಮನೆಯ ಒಳ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತೆವು. ನಾಲ್ಕೂ ಕಡೆ ಮನೆ, ನಡುವೆ ಆಕಾಶ. ನೆಲದ ಮೇಲೆ ಚೌಕಾಕಾರದ ಬಿಸಿಲು ಬಿದ್ದಿತ್ತು. ನಮ್ಮ ಮನೆ ಇಷ್ಟು ದೊಡ್ಡದಲ್ಲ, ಆದರೆ ನಮ್ಮದರಲ್ಲೂ ಹೀಗೇ ಮಳೆ ಒಳಗೆ ಬೀಳುತ್ತಿತ್ತು. ಹಂಚಿನ ಅಂಚಿನಿಂದ ನೀರು ಸಾಲಾಗಿ ಸುರಿಯುವ ಸದ್ದು. ಆ ಸದ್ದು ಕೇಳಿ ನಿದ್ದೆ ಹೋದವರು ನಾವು. ಮಗ ಹಂಚಿನ ಬಗ್ಗೆ ಕೇಳಿದ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು, ಆಮೇಲೆ ಕರಾವಳಿಯ ಮನೆಗಳ ಮಾಡು ನಿಧಾನಕ್ಕೆ ಕೆಂಪಾದದ್ದು ಅಂತ ಭಾವ ಹೇಳಿದರು. ಅಮ್ಮ ಅದಕ್ಕೆ ಒಂದು ಸೇರಿಸಿದರು. ಅವರ ಅಜ್ಜನ ಕಾಲದಲ್ಲಿ ಕೊಟ್ಟಿಗೆಗೆ ಮುಳಿಹುಲ್ಲೇ. ಮನೆಗೆ ಹಂಚು ಬಂದ ವರ್ಷ ಊರಿನವರೆಲ್ಲ ನೋಡಲು ಬಂದಿದ್ದರಂತೆ.

ಕೆಲವು ಕೆಲಸಕ್ಕೆ ಬರುವ ಮಾತು. ವಯಸ್ಸಾದವರನ್ನು ಕರೆದುಕೊಂಡು ಹೋಗಿ, ಖಂಡಿತ ಹೋಗಿ. ಆದರೆ ನಡೆಯುವುದು ಜಾಸ್ತಿ ಇದೆ. ಹಳೆ ಮನೆ ಅಂದರೆ ಎತ್ತರದ ಹೊಸ್ತಿಲು, ಕಡಿದಾದ ಮೆಟ್ಟಿಲು ಇದ್ದೇ ಇರುತ್ತದೆ. ಪ್ರತಿಯೊಬ್ಬ ಹಿರಿಯರ ಜೊತೆ ಒಬ್ಬರು ಇರಲಿ. ನೀರಿನ ಬಾಟಲಿ ಇರಲಿ. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ ಬೇಡ, ನಮ್ಮ ಕಡೆಯ ಸೆಕೆ ಗೊತ್ತಲ್ಲ. ತೀರಾ ಚಿಕ್ಕ ಮಕ್ಕಳಿಗೆ ಬೇಸರ ಬರಬಹುದು. ಮುಟ್ಟಬೇಡ, ಓಡಬೇಡ ಅಂತ ಹೇಳಿ ಹೇಳಿ ನಿಮಗೂ ಸಾಕಾಗುತ್ತದೆ. ಹತ್ತು ವರ್ಷ ದಾಟಿದವರಿಗೆ ತುಂಬಾ ಒಳ್ಳೆಯದು. ಟಿಕೆಟ್ ಸ್ವಲ್ಪ ಜಾಸ್ತಿ ಅನಿಸಬಹುದು. ಮರದ ಮನೆಯನ್ನು ನಮ್ಮ ಮಳೆ, ಗೆದ್ದಲು, ಉಪ್ಪು ಗಾಳಿಯಿಂದ ಕಾಪಾಡುವ ಖರ್ಚು ಎಷ್ಟು ಅಂತ ಹಳೆ ಮನೆ ಇಟ್ಟುಕೊಂಡವರಿಗೆ ಗೊತ್ತು. ನಾವೂ ಆ ಖರ್ಚಿಗೆ ಸೋತೇ ಮನೆ ಬಿಟ್ಟವರು. ಹಾಗಾಗಿ ನನಗೆ ಆ ಹಣ ಕೊಡಲು ಒಂಚೂರೂ ಬೇಸರ ಆಗಲಿಲ್ಲ.

ಹೊರಗೆ ಬಂದ ಮೇಲೆ ಮಣಿಪಾಲದ ಗುಡ್ಡದ ತುದಿಯಲ್ಲಿರುವ ಎಂಡ್ ಪಾಯಿಂಟ್‌ಗೆ ಹೋದೆವು. ಕೆಳಗೆ ಸ್ವರ್ಣಾ ನದಿ, ಆಚೆ ತೆಂಗಿನ ತೋಟಗಳು. ನನ್ನ ಕಾಲೇಜಿನ ಗೆಳತಿ ಮಣಿಪಾಲದಲ್ಲೇ ಇರುವುದು, ಅವಳೂ ಬಂದು ಸೇರಿಕೊಂಡಳು. ಮಗಳಿಗೆ ಕೆಲಸ ಸಿಕ್ಕಿದ ಸುದ್ದಿ ಹೇಳಿದಳು. ಅದೇ ಖುಷಿಗೆ ಅವಳೇ ಎಲ್ಲರಿಗೂ ಗೋಳಿಬಜೆ, ಬನ್ಸ್ ಕೊಡಿಸಿದಳು. ಆ ಹೋಟೆಲಿನಲ್ಲಿ ಚಹಾ ಬರಲು ಮುಕ್ಕಾಲು ಗಂಟೆ ಆಯಿತು, ಬಂದದ್ದು ತಣ್ಣಗಿತ್ತು. ಗೋಳಿಬಜೆ ಮಾತ್ರ ಬಿಸಿಬಿಸಿ, ಒಳಗೆ ಮೆತ್ತಗೆ. ಅಮ್ಮ ನಾಲ್ಕು ತಿಂದರು.

ರಾತ್ರಿ ಊಟ ಆದ ಮೇಲೆ ಅಮ್ಮ ತಮ್ಮ ಟ್ರಂಕು ತೆಗೆಯಲು ಹೇಳಿದರು. ತಳದಲ್ಲಿ ಒಂದು ಹಳೆ ಸೀರೆಯಲ್ಲಿ ಏನೋ ಸುತ್ತಿಟ್ಟಿದ್ದರು. ಬಿಚ್ಚಿದರೆ ನಮ್ಮ ಹೆಬ್ಬಾಗಿಲಿನ ಹಿತ್ತಾಳೆ ಬಳೆ. ಮನೆ ಬಿಚ್ಚುವ ಹಿಂದಿನ ದಿನ ಕೆಲಸದವರೊಬ್ಬರಿಗೆ ಹೇಳಿ ತೆಗೆಸಿಟ್ಟಿದ್ದರಂತೆ. ಮೂರು ವರ್ಷ ನಮಗೆ ಯಾರಿಗೂ ತೋರಿಸಿರಲಿಲ್ಲ. ಪೂರ್ತಿ ಕಪ್ಪಾಗಿತ್ತು. ಅಕ್ಕ ಹುಣಸೆಹುಳಿ ಹಾಕಿ ರಾತ್ರಿ ಹನ್ನೊಂದು ಗಂಟೆಗೆ ತಿಕ್ಕಲು ಕೂತಳು. ಕೈ ಹಿಡಿದು ಹಿಡಿದು ಒಂದು ಕಡೆ ಸವೆದು ತೆಳ್ಳಗಾದದ್ದು ಆಗ ಕಾಣಿಸಿತು.

ಅದನ್ನು ನಮ್ಮ ಬಾಗಿಲಿಗೇ ಹಾಕಬೇಕು ಅಂತ ಮಗನ ಹಠ. ಫ್ಲ್ಯಾಟಿನ ಬಾಗಿಲು ತೆಳು, ಭಾರ ತಡೆಯುತ್ತದಾ ಅಂತ ನೋಡಬೇಕು. ಬಡಗಿಗೆ ಹೇಳಿದ್ದೇನೆ. ಬುಧವಾರ ಬರುತ್ತೇನೆ ಅಂದಿದ್ದಾರೆ.