‘ನಿಮ್ಮ ಹೆಸರು ಲಿಸ್ಟಿಗೆ ಸೇರಿಸಿದ್ದೀವಿ’ ಎಂದವರ ಮಾತು ನಂಬಿ ಸುಮ್ಮನೆ ಕೂರಬೇಡಿ

ಸರ್ಕಾರಿ ಮನೆ ಮಾಡಿಸಿಕೊಡುತ್ತೇವೆ ಎಂದು ಫೈಲು ಹಿಡಿದು ಕೇರಿ ಕೇರಿ ಸುತ್ತುವವರು ಎಲ್ಲ ತಾಲ್ಲೂಕಿನಲ್ಲೂ ಇದ್ದಾರೆ. ಅವರಿಗೆ ಕೊಟ್ಟ ದುಡ್ಡು ಹೋಗುತ್ತದೆ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ದುಡ್ಡಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಅದು ಆದದ್ದು ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತದೆ.

ಒಂದು ಪ್ರಕರಣ ನೋಡಿ. ಗಂಡ ತೀರಿಕೊಂಡ, ಕೂಲಿ ಮಾಡಿ ಇಬ್ಬರು ಮಕ್ಕಳನ್ನು ಸಾಕುವ ಹೆಂಗಸು. ಮಣ್ಣಿನ ಗೋಡೆ, ಒಂದೇ ಕೋಣೆ. ಪಂಚಾಯಿತಿಯಲ್ಲಿ ‘ನಮ್ಮವರಿದ್ದಾರೆ’ ಎಂದು ಹೇಳಿಕೊಂಡ ವ್ಯಕ್ತಿ ಎರಡು ಸಲ ಸೇರಿ 18,000 ರೂಪಾಯಿ ತೆಗೆದುಕೊಂಡ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ಕಿನ ಜೆರಾಕ್ಸ್ ಪಡೆದ. ಕೆಲವು ತಿಂಗಳ ಮೇಲೆ ಸರ್ಕಾರದ ಲಾಂಛನವಿದ್ದ ಒಂದು ‘ಆಯ್ಕೆ ಪತ್ರ’ ತಂದುಕೊಟ್ಟ. ಆ ಹಾಳೆಯಲ್ಲಿ ಯೋಜನೆಯ ಹೆಸರು ದಪ್ಪ ಅಕ್ಷರದಲ್ಲಿತ್ತು, ಆಕೆಯ ಫೋಟೋ ಇತ್ತು. ಫಲಾನುಭವಿ ಸಂಕೇತ ಸಂಖ್ಯೆ ಇರಲಿಲ್ಲ, ಗ್ರಾಮಸಭೆಯ ದಿನಾಂಕ ಇರಲಿಲ್ಲ, ಕಚೇರಿಯ ಪತ್ರದ ಸಂಖ್ಯೆಯೂ ಇರಲಿಲ್ಲ. ಆಮೇಲೆ ಪಂಚಾಯಿತಿಯಿಂದ ನಿಜವಾದ ಸಮೀಕ್ಷೆಗೆ ಜನ ಬಂದರು. ಆಕೆ ಆ ಹಾಳೆ ತೋರಿಸಿ, ‘ನಮ್ಮದು ಆಗಿದೆ ಸಾರ್’ ಎಂದು ಹೇಳಿ ಕಳಿಸಿದರು. ಬಂದವರು ಮುಂದಿನ ಮನೆಗೆ ಹೋದರು. ಆ ಸಮೀಕ್ಷೆಯಲ್ಲಿ ಆಕೆಯ ಹೆಸರೇ ಇಲ್ಲ.

ಇದು ಎಷ್ಟು ದೊಡ್ಡ ಪೆಟ್ಟು ಎಂದು ತಿಳಿಯಬೇಕಾದರೆ ಪಟ್ಟಿಗಳು ಎಷ್ಟು ವರ್ಷಕ್ಕೊಮ್ಮೆ ತೆರೆಯುತ್ತವೆ ಎಂಬುದನ್ನು ನೋಡಬೇಕು. ಪ್ರಧಾನಮಂತ್ರಿ ಆವಾಸ್ ಯೋಜನೆ ಗ್ರಾಮೀಣಕ್ಕೆ ಮೊದಲು ಆಧಾರವಾದದ್ದು 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿ. ಅದರಲ್ಲಿ ಬಿಟ್ಟುಹೋದವರಿಗಾಗಿ ಆವಾಸ್ ಪ್ಲಸ್ ಸಮೀಕ್ಷೆ ನಡೆದದ್ದು 2018-19ರಲ್ಲಿ. ಮತ್ತೆ ಹೊಸ ಸಮೀಕ್ಷೆ ಶುರುವಾದದ್ದು 2024-25ರಲ್ಲಿ. ಅಂದರೆ ಒಂದು ಸಲ ತಪ್ಪಿದರೆ ಆರೇಳು ವರ್ಷ ಕಾಯಬೇಕಾಗಿ ಬಂದಿದೆ. ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ನಡೆಯುವ ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್, ದೇವರಾಜ ಅರಸು ವಸತಿ ಯೋಜನೆಗಳಿಗೆ ಸರ್ಕಾರ ಗುರಿ ನಿಗದಿ ಮಾಡಿದಾಗ ಮಾತ್ರ ಪಂಚಾಯಿತಿಗೆ ಇಷ್ಟು ಮನೆ ಎಂದು ಬರುತ್ತದೆ. ಬಾರದ ವರ್ಷ ಯಾರು ಏನೇ ಹೇಳಿದರೂ ಮನೆ ಇಲ್ಲ.

ಹಾಗಾಗಿ ಯಾರಾದರೂ ‘ನಿಮ್ಮದು ಆಗಿದೆ’ ಎಂದರೆ ಮೊದಲು ಕೇಳಬೇಕಾದದ್ದು ಒಂದೇ ಪ್ರಶ್ನೆ: ನನ್ನ ಸಂಕೇತ ಸಂಖ್ಯೆ ಎಷ್ಟು? ನಿಗಮದ ಯೋಜನೆಗಳಲ್ಲಿ ಆಯ್ಕೆಯಾದ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಇರುತ್ತದೆ. ಅದನ್ನು ನಿಗಮದ ಜಾಲತಾಣದಲ್ಲಿ ಹಾಕಿದರೆ ಹೆಸರು, ಯೋಜನೆ, ಮನೆ ಯಾವ ಹಂತದಲ್ಲಿದೆ ಎಲ್ಲ ಕಾಣುತ್ತದೆ. ಆವಾಸ್ ಯೋಜನೆಯಲ್ಲಿ ನೋಂದಣಿ ಸಂಖ್ಯೆ ಇರುತ್ತದೆ. ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿ ಇಡೀ ಊರಿನ ಪಟ್ಟಿಯನ್ನೇ ನೋಡಬಹುದು. ಮೊಬೈಲಿನಲ್ಲಿ ಆಗದಿದ್ದರೆ ಗ್ರಾಮ ಒನ್ ಕೇಂದ್ರದಲ್ಲೋ ಓದುವ ಮಕ್ಕಳಿಂದಲೋ ನೋಡಿಸಿ. ಜಾಲತಾಣದ ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’ ಇರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಉಚಿತ ಮನೆ ಅರ್ಜಿ’ ಲಿಂಕುಗಳನ್ನು ಒತ್ತಬೇಡಿ, ಒಟಿಪಿ ಹೇಳಬೇಡಿ.

ಸಮೀಕ್ಷೆಗೆ ಬಂದಾಗ ಏನು ಬರೆದುಕೊಳ್ಳುತ್ತಾರೆ ಎಂಬುದರ ಮೇಲೆ ಪಟ್ಟಿಯಲ್ಲಿ ನಿಮ್ಮ ಜಾಗ ನಿರ್ಧಾರವಾಗುತ್ತದೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆವಾಸ್ ಯೋಜನೆಯಲ್ಲಿ ಮೊದಲು ಮನೆಯೇ ಇಲ್ಲದವರು, ಆಮೇಲೆ ಕಚ್ಚಾ ಗೋಡೆ, ಕಚ್ಚಾ ಛಾವಣಿಯ ಮನೆಯಲ್ಲಿರುವವರು. ಅವರಲ್ಲಿ ಒಂದು ಕೋಣೆಯವರು ಮೇಲೆ, ಎರಡು ಕೋಣೆಯವರು ಕೆಳಗೆ. ಮನೆಗೆ ಆನಿಸಿ ಕಟ್ಟಿದ ಕೊಟ್ಟಿಗೆಯನ್ನೋ ಸೌದೆ ಒಟ್ಟುವ ಚಪ್ಪರವನ್ನೋ ಕೋಣೆ ಎಂದು ಎಣಿಸಿಬಿಟ್ಟರೆ ಇಡೀ ಗುಂಪಿನಷ್ಟು ಕೆಳಗೆ ಹೋಗುತ್ತೀರಿ. ಹೆಂಚಿನ ವಿಷಯವೂ ಅಷ್ಟೇ. 2011ರ ಗಣತಿಯಲ್ಲಿ ಕೈಯಲ್ಲಿ ಮಾಡಿದ ನಾಡಹೆಂಚು ಕಚ್ಚಾ ಲೆಕ್ಕಕ್ಕೆ, ಯಂತ್ರದಲ್ಲಿ ಮಾಡಿದ ಮಂಗಳೂರು ಹೆಂಚು ಪಕ್ಕಾ ಲೆಕ್ಕಕ್ಕೆ ಹೋಗಿತ್ತು. ಬರೀ ‘ಹೆಂಚಿನ ಮನೆ’ ಎಂದು ಬರೆಸಿದವರು ಎಷ್ಟೋ ಮಂದಿ ಅಲ್ಲೇ ಹೊರಗುಳಿದರು. ಬರೆದುಕೊಳ್ಳುವವರ ಪಕ್ಕದಲ್ಲೇ ನಿಂತು ಕೋಣೆ ಎಷ್ಟು ಹಾಕಿದಿರಿ, ಗೋಡೆ ಯಾವುದು ಹಾಕಿದಿರಿ ಎಂದು ಕೇಳಿ. ಇದು ನಿಮ್ಮ ಹಕ್ಕು, ಅಧಿಕಪ್ರಸಂಗ ಅಲ್ಲ.

ಒಂದೇ ಗುಂಪಿನೊಳಗೆ ಮತ್ತೆ ಅಂಕ ಇದೆ. 16ರಿಂದ 59 ವರ್ಷದ ಗಂಡಸಿಲ್ಲದೆ ಹೆಂಗಸೇ ನಡೆಸುವ ಮನೆ, 16ರಿಂದ 59 ವರ್ಷದ ವಯಸ್ಕರೇ ಇಲ್ಲದ ಮನೆ, ದುಡಿಯಬಲ್ಲ ವಯಸ್ಕರಿಲ್ಲದೆ ಅಂಗವಿಕಲರಿರುವ ಮನೆ, 25 ದಾಟಿದವರಲ್ಲಿ ಓದುಬರಹ ಬಲ್ಲವರಿಲ್ಲದ ಮನೆ, ಜಮೀನಿಲ್ಲದೆ ಕೂಲಿಯಿಂದಲೇ ಬದುಕುವ ಮನೆ, ಇವಕ್ಕೆ ಆದ್ಯತೆ. ಮೇಲೆ ಹೇಳಿದ ಹೆಂಗಸು ಯಾರಿಗೂ ಒಂದು ರೂಪಾಯಿ ಕೊಡದೆ ತಮ್ಮ ಊರಿನ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲೇ ಇರಬೇಕಿತ್ತು. ಈ ಮಾತು ನೆನೆದರೆ ಹೊಟ್ಟೆ ಉರಿಯುತ್ತದೆ.

ಹೊರಗಿಡುವ ನಿಯಮದ ಹೆಸರಿನಲ್ಲೂ ಹೆದರಿಸುತ್ತಾರೆ. ‘ನಿಮ್ಮ ಮನೇಲಿ ಬೈಕ್ ಇದೆ, ಫ್ರಿಜ್ ಇದೆ, ಹೆಸರು ಹೊಡೆದುಹಾಕ್ತಾರೆ, ಐದು ಸಾವಿರ ಕೊಟ್ಟರೆ ಅಡ್ಜಸ್ಟ್ ಮಾಡ್ತೀನಿ’ ಎನ್ನುವುದು ಈಗಲೂ ನಡೆಯುತ್ತಿದೆ. 2024ರಲ್ಲಿ ನಿಯಮ ಸಡಿಲಾಗಿ ದ್ವಿಚಕ್ರ ವಾಹನ, ಫ್ರಿಜ್, ಸ್ಥಿರ ದೂರವಾಣಿ ಆ ಪಟ್ಟಿಯಿಂದ ಹೋಗಿವೆ. ತಿಂಗಳ ಆದಾಯದ ಮಿತಿ 10,000ದಿಂದ 15,000 ರೂಪಾಯಿಗೆ ಏರಿದೆ. ಈಗ ಹೊರಗುಳಿಯುವವರು ಮೂರು ಅಥವಾ ನಾಲ್ಕು ಚಕ್ರದ ಮೋಟಾರು ವಾಹನ ಉಳ್ಳವರು, ಸರ್ಕಾರಿ ನೌಕರರಿರುವ ಮನೆಯವರು, ಆದಾಯ ತೆರಿಗೆ ಅಥವಾ ವೃತ್ತಿ ತೆರಿಗೆ ಕಟ್ಟುವವರು, 50,000 ಅಥವಾ ಅದಕ್ಕೂ ಹೆಚ್ಚು ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್ ಇರುವವರು, ಎರಡೂವರೆ ಎಕರೆ ನೀರಾವರಿ ಇಲ್ಲವೇ ಐದು ಎಕರೆ ಖುಷ್ಕಿ ಜಮೀನು ಇರುವವರು ಮುಂತಾದವರು. ಇದರಲ್ಲಿ ಬರುವವರನ್ನು ಯಾವ ದಲ್ಲಾಳಿಯೂ ಒಳಗೆ ಸೇರಿಸಲಾರ. ಬಾರದವರನ್ನು ಯಾರೂ ಹೊರಗೆ ಹಾಕುವಂತಿಲ್ಲ.

ಕಾಗದಪತ್ರದಲ್ಲಿ ಹೆಚ್ಚಿನವರು ಸಿಕ್ಕಿಬೀಳುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ‘ಲಕ್ಷ್ಮಮ್ಮ’, ರೇಷನ್ ಕಾರ್ಡಿನಲ್ಲಿ ‘ಲಕ್ಷ್ಮೀದೇವಮ್ಮ’, ಜಾತಿ ಆದಾಯ ಪತ್ರದಲ್ಲಿ ಇನ್ನೊಂದು. ನಾಡಕಚೇರಿಯಿಂದ ಬರುವ ಜಾತಿ ಆದಾಯ ಪತ್ರದ ಮೇಲಿರುವ ‘ಆರ್‌ಡಿ’ಯಿಂದ ಶುರುವಾಗುವ ಸಂಖ್ಯೆ ಹಾಕಿದಾಗ ವಿವರ ತಾಳೆಯಾಗದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಪಟ್ಟಿ ಬರುವ ಮುಂಚೆಯೇ ಸರಿಮಾಡಿಸಿ. ನಿವೇಶನಕ್ಕೆ ಹಕ್ಕುಪತ್ರವೋ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಯ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎಯೋ ಇರಬೇಕು. ಅಪ್ಪನ ಹೆಸರಲ್ಲೇ ಉಳಿದಿರುವ ಜಾಗದಲ್ಲಿ ಮಗಳಿಗೋ ಸೊಸೆಗೋ ಮನೆ ಬಂದರೆ ಅಣ್ಣತಮ್ಮಂದಿರ ತಕರಾರಿಗೆ ಕಾಮಗಾರಿ ಆದೇಶ ಸಿಗದೆ ಒದ್ದಾಡಬೇಕಾಗುತ್ತದೆ.

ಇನ್ನು ಬ್ಯಾಂಕ್ ಖಾತೆ. ಹಣ ಆಧಾರ್ ಮೂಲಕ ಜಮೆಯಾಗುವಾಗ ನೀವು ಕೊಟ್ಟ ಪಾಸ್‌ಬುಕ್ ನೋಡುವುದಿಲ್ಲ. ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಈ ಜೋಡಣೆಗೆ ಬ್ಯಾಂಕಿನವರು ‘ಎನ್‌ಪಿಸಿಐ ಮ್ಯಾಪಿಂಗ್’ ಎನ್ನುತ್ತಾರೆ; ಅದು ಯಾವ ಖಾತೆಗೆ ಇದೆ ಎಂದು ಬ್ಯಾಂಕಿನಲ್ಲಿ ಕೇಳಿ. ಕೆಲವು ದಲ್ಲಾಳಿಗಳು ‘ಹೊಸ ಖಾತೆ ಬೇಕು’ ಎಂದು ಎಲ್ಲೋ ಒಂದು ಖಾತೆ ತೆರೆಸಿ, ಅದಕ್ಕೆ ಆಧಾರ್ ಜೋಡಿಸಿ, ಎಟಿಎಂ ಕಾರ್ಡ್ ತಾವೇ ಇಟ್ಟುಕೊಳ್ಳುತ್ತಾರೆ. ಮನೆ ಹಣ ಮಾತ್ರವಲ್ಲ, ಪಿಂಚಣಿ, ಗೃಹಲಕ್ಷ್ಮಿ ಹಣವೂ ಆ ಕಡೆ ಹರಿದುಹೋಗುವ ಅಪಾಯವಿದೆ. ಹಾಗೆಯೇ ‘ಸರ್ವೆಗೆ ಹೆಬ್ಬೆಟ್ಟು ಕೊಡಿ’ ಎಂದು ಸಣ್ಣ ಯಂತ್ರ ಮುಂದೆ ಹಿಡಿದರೆ ಬೆರಳಿಡಬೇಡಿ. ಅದೇ ಬೆರಳಚ್ಚಿನಿಂದ ಆಧಾರ್ ಜೋಡಿಸಿದ ಖಾತೆಯ ಹಣ ತೆಗೆಯಲು ಬರುತ್ತದೆ. 2024ರ ಆವಾಸ್ ಪ್ಲಸ್ ಸಮೀಕ್ಷೆಯಲ್ಲಿ ಬಳಸಿದ್ದು ಮುಖ ಗುರುತಿಸುವ ವಿಧಾನ. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ (ಬೆರಳಚ್ಚು ಮುಂತಾದ ಗುರುತು) ಲಾಕ್ ಮಾಡಿಟ್ಟರೆ ಒಳ್ಳೆಯದು.

ಹೆಸರು ಬಂದ ಮೇಲೆ ಎರಡನೆಯ ಬಲೆ. ‘ನೀವು ಏನೂ ತಲೆ ಕೆಡಿಸಿಕೊಳ್ಳಬೇಡಿ, ಪೂರ್ತಿ ನಾವೇ ಕಟ್ಟಿ ಬಿಲ್ ಮಾಡಿಸ್ಕೊತೀವಿ’ ಎನ್ನುವ ಗುತ್ತಿಗೆದಾರ. ಮೊದಲು ಲೆಕ್ಕ ತಿಳಿದಿರಲಿ. ಆವಾಸ್ ಗ್ರಾಮೀಣದಲ್ಲಿ ಕೇಂದ್ರದ ನಿಯಮದಂತೆ ಬಯಲು ಪ್ರದೇಶಕ್ಕೆ ಸಹಾಯಧನ 1.20 ಲಕ್ಷ ರೂಪಾಯಿ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಂದರೆ ಸುಮಾರು 270 ಚದರ ಅಡಿ. ಶೌಚಾಲಯಕ್ಕೆ ಬೇರೆ 12,000 ರೂಪಾಯಿ ಇದೆ, ನರೇಗಾ ಜೊತೆ ಜೋಡಿಸಿ 90 ದಿನಗಳ ಕೂಲಿಯನ್ನೂ ಯೋಜನೆ ರೂಪಿಸುವಾಗಲೇ ಸೇರಿಸಿದ್ದರು. ಅಷ್ಟು ಅಳತೆಯ ಮನೆಗೆ ನಾಲ್ಕು ಇಂಚಿನ ಆರ್‌ಸಿಸಿ ಹಾಕಲು ಛಾವಣಿಯೊಂದಕ್ಕೇ ಸುಮಾರು 20 ಚೀಲ ಸಿಮೆಂಟು, ಎರಡರಿಂದ ಎರಡೂವರೆ ಕ್ವಿಂಟಲ್ ಕಬ್ಬಿಣ ಬೇಕು. ಬರೀ ಸಹಾಯಧನದಲ್ಲಿ ಪೂರ್ತಿ ಮನೆ ಎಂದು ಹೇಳುವವನು ಇಲ್ಲೇ ಕೈ ಬಿಗಿಹಿಡಿಯುತ್ತಾನೆ. 12 ಚೀಲದಲ್ಲಿ ಛಾವಣಿ ಮುಗಿಸಿದರೆ ಮೊದಲ ಮಳೆಗೇ ಸೋರುತ್ತದೆ, ಸೋರಿದ ನೀರು ಕಂಬಿಗೆ ತುಕ್ಕು ಹಿಡಿಸುತ್ತದೆ, ಕೆಲವೇ ವರ್ಷದಲ್ಲಿ ಕೆಳಗಿನ ಗಾರೆ ಪದರವಾಗಿ ಬೀಳುತ್ತದೆ. ಕಾಂಕ್ರೀಟ್ ಹಾಕುವ ದಿನ ಖಾಲಿ ಚೀಲ ಎಣಿಸಿ.

ಸಾಮಾನ್ಯವಾಗಿ ಆಗುವುದು ಇದು: ಪಾಸ್‌ಬುಕ್ ತೆಗೆದುಕೊಂಡವನು ತಳಪಾಯ ಹಾಕಿ ಒಂದು ಬಿಲ್ ಎತ್ತುತ್ತಾನೆ, ಲಿಂಟೆಲ್ (ಬಾಗಿಲು, ಕಿಟಕಿಯ ಮೇಲಿನ ಪಟ್ಟಿ) ಮಟ್ಟಕ್ಕೆ ತಂದು ಇನ್ನೊಂದು. ಖರ್ಚು ಹೆಚ್ಚಾಗುವುದು ಛಾವಣಿಯಲ್ಲಿ, ಅಲ್ಲಿಗೆ ಆಸಾಮಿ ನಾಪತ್ತೆ. ಸರ್ಕಾರದ ದಾಖಲೆಯಲ್ಲಿ ನಿಮಗೆ ಮನೆ ಕೊಟ್ಟಾಗಿದೆ, ಹಾಗಾಗಿ ಬೇರೆ ಯೋಜನೆಗೂ ಅರ್ಹರಲ್ಲ. ಅರ್ಧ ಗೋಡೆಯ ನಡುವೆ ಟಾರ್ಪಾಲು ಕಟ್ಟಿಕೊಂಡು ವಾಸಿಸುವವರು ಹೀಗೆ ಆದವರೇ.

ಜಿಪಿಎಸ್ ಫೋಟೋ, ಅಂದರೆ ಜಾಗದ ಗುರುತು ಸಮೇತ ತೆಗೆಯುವ ಫೋಟೋ ಬಗ್ಗೆಯೂ ಎಚ್ಚರ. ನಿಗಮದ ಯೋಜನೆಗಳಲ್ಲಿ ತಳಪಾಯ, ಲಿಂಟೆಲ್, ಛಾವಣಿ, ಪೂರ್ಣ ಎಂದು ನಾಲ್ಕು ಹಂತ; ಪ್ರತಿ ಹಂತದಲ್ಲೂ ಪಂಚಾಯಿತಿಯವರು ಸ್ಥಳಕ್ಕೆ ಬಂದು ಫೋಟೋ ಏರಿಸಬೇಕು. ಆದೇಶ ಬರುವ ಮುಂಚೆಯೇ ‘ಒಳ್ಳೆ ದಿನ ಇದೆ’ ಎಂದು ತಳಪಾಯ ತೆಗೆಯಬೇಡಿ. ಹಳೆ ಗುಡಿಸಲು ಅಥವಾ ಖಾಲಿ ನಿವೇಶನದ ಫೋಟೋ ಇಲ್ಲದೆ ಮುಂದಿನದು ತಾಳೆಯಾಗುವುದಿಲ್ಲ. ಮೊದಲ ಫೋಟೋ ತೆಗೆದ ಜಾಗ ಬಿಟ್ಟು ಬೇರೆ ಕಡೆ ಕಟ್ಟಿದರೂ ಅಷ್ಟೇ. ಕೊಟ್ಟ ಅವಧಿಯಲ್ಲಿ ಕೆಲಸ ಶುರುಮಾಡದಿದ್ದರೆ ಮನೆ ಬ್ಲಾಕ್ ಆಗುತ್ತದೆ; ಬ್ಲಾಕ್ ತೆಗೆಸಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕಡೆಯಿಂದ ಮೇಲಕ್ಕೆ ಪತ್ರ ಹೋಗಬೇಕು, ಅದಕ್ಕೂ ದುಡ್ಡು ಕೇಳುವವರು ಹುಟ್ಟಿಕೊಂಡಿದ್ದಾರೆ. ನೀವೇ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಪಟ್ಟಣಗಳಲ್ಲಿ ಆಟ ಸ್ವಲ್ಪ ಬೇರೆ. ಅಲ್ಲಿ ಆಯ್ಕೆ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯಲ್ಲಿ ಆಗುವುದರಿಂದ ‘ಎಂಎಲ್‌ಎ ಕೋಟಾ’ ಎಂದು ಮಾರುತ್ತಾರೆ. ಬೆಂಗಳೂರಿನ ಬಹುಮಹಡಿ ವಸತಿ ಯೋಜನೆಯ ಫ್ಲ್ಯಾಟಿಗೆ ಹಣ ಕಟ್ಟುವುದಾದರೆ ಅದು ನಿಗಮದ ಖಾತೆಗೆ ಮಾತ್ರ, ಯಾರದೋ ಫೋನ್‌ಪೇ ನಂಬರಿಗಲ್ಲ. ಕೊಳೆಗೇರಿ ಮಂಡಳಿಯ ಮನೆಯನ್ನು ಹಂಚಿಕೆಯಾದವರಿಂದ ನೋಟರಿ ಅಗ್ರಿಮೆಂಟಿನ ಮೇಲೆ ಕೊಂಡುಕೊಳ್ಳುವವರಂತೂ ಪೂರ್ತಿ ದುಡ್ಡು ಕಳೆದುಕೊಳ್ಳುತ್ತಾರೆ. ಮಂಡಳಿಯ ಲೆಕ್ಕದಲ್ಲಿ ಆ ಮನೆ ಹಂಚಿಕೆದಾರರದ್ದೇ.

ಹೆಸರು ಬಿಟ್ಟುಹೋಗಿದೆ ಎಂದು ಅನುಮಾನವಿದ್ದರೆ ಗ್ರಾಮಸಭೆಯ ದಿನ ಹೋಗಿ ನಿಂತು ಕೇಳಿ, ನಿಮ್ಮ ಆಕ್ಷೇಪಣೆ ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆಯದಿದ್ದರೆ ಮಾಹಿತಿ ಹಕ್ಕಿನಲ್ಲಿ ಆ ದಿನಾಂಕದ ನಡಾವಳಿಯ ದೃಢೀಕೃತ ಪ್ರತಿ, ಆಯ್ಕೆ ಪಟ್ಟಿ, ತಿರಸ್ಕೃತರ ಪಟ್ಟಿ ಮತ್ತು ಕಾರಣ ಕೇಳಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಉತ್ತರಕ್ಕೆ 30 ದಿನ. ಆ ಪ್ರತಿ ಹಿಡಿದು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ), ಅಲ್ಲಾಗದಿದ್ದರೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ (ಸಿಇಒ) ದೂರು ಕೊಡಿ.

ಈಗಾಗಲೇ ದುಡ್ಡು ಕೊಟ್ಟಿದ್ದರೆ ಯಾರಿಗೆ ಕೊಟ್ಟಿರಿ ಎಂಬುದರ ಮೇಲೆ ದಾರಿ ಬೇರೆಯಾಗುತ್ತದೆ. ಖಾಸಗಿ ದಲ್ಲಾಳಿಯಾದರೆ ಪೊಲೀಸ್ ಠಾಣೆಯಲ್ಲಿ ವಂಚನೆ ದೂರು. ಆನ್‌ಲೈನಿನಲ್ಲಿ ಅಥವಾ ಬೆರಳಚ್ಚಿನಿಂದ ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆಮಾಡಿ; ಗಂಟೆಗಳು ಕಳೆದಷ್ಟೂ ಹಣ ತಡೆಹಿಡಿಯುವುದು ಕಷ್ಟ. ಸರ್ಕಾರಿ ನೌಕರ ಒತ್ತಾಯಿಸಿ ಲಂಚ ಪಡೆದಿದ್ದರೆ ಲೋಕಾಯುಕ್ತಕ್ಕೆ ಹೋಗಿ, ತಡಮಾಡಬೇಡಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಟ್ಟವರೂ ತಪ್ಪಿತಸ್ಥರಾಗುತ್ತಾರೆ; ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ತಿಳಿಸಿದರೆ ಮಾತ್ರ ಆ ಹೊಣೆಯಿಂದ ಪಾರು. ದೂರಿಗೆ ಹೋಗುವಾಗ ಆ ನಕಲಿ ಆಯ್ಕೆ ಪತ್ರವನ್ನು ಹರಿದು ಬಿಸಾಡದೆ ಜೊತೆಗೆ ಒಯ್ಯಿರಿ, ಫೋನಿನಲ್ಲಿರುವ ಮೆಸೇಜು, ಕರೆಯ ದಾಖಲೆ ಅಳಿಸಬೇಡಿ.